ದೊರೆ ಕೂತ ನಾಲಿಗೆ

ಕಲ್ಯಾಣದುರ್ಗ
೧೨–೬–೧೯೫೮, ಗುರುವಾರ

ಹಿಂದೂಪುರದಲ್ಲಿರುವ ನನ್ನ ಅಕ್ಕ ವೀರಭದ್ರಮ್ಮನಿಗೆ, ನಿನ್ನ ತಂಗಿ ಭ್ರಮರಾಂಬ ಕಾಲಿಗೆ ಬಿದ್ದು ಬರೆಯುವುದು.

ಅಕ್ಕಾ, ಇಲ್ಲಿ ಎಲ್ಲರೂ ಕ್ಷೇಮವಾಗಿದ್ದಾರೆ. ಮಾವನವರ ಮಂಡಿನೋವು ಕಡಿಮೆಯಾಗಿದೆ, ಅಮರೇಶಪ್ಪ ಭಾವನ ಕಡಲೆಕಾಯಿ ವ್ಯಾಪಾರ ಚೆನ್ನಾಗಿ ನಡೆಯುತ್ತಿದೆ, ಕರೀ ಹಸು ಹೆಣ್ಣುಗರು ಹಾಕಿದೆ. ನಾನೊಬ್ಬಳು ಮಾತ್ರ ಚೆನ್ನಾಗಿಲ್ಲವಂತೆ. ಇದು ನಾನು ಹೇಳುವ ಮಾತಲ್ಲ, ಊರು ಹೇಳುವ ಮಾತು. ನನ್ನ ಮೈಮೇಲೆ ಬಿಳೀ ದೊರೆಯೊಬ್ಬ ಬಂದು ಸೇರಿಕೊಂಡಿದ್ದಾನಂತೆ. ಬರುವ ಮಂಗಳವಾರ ಅಮಾವಾಸ್ಯೆ. ಅವತ್ತು ಮಧ್ಯಾಹ್ನ ಹುಣಸೆ ತೋಪಿಗೆ ಕರೆದುಕೊಂಡು ಹೋಗಿ ಅವನನ್ನು ಬಿಡಿಸುತ್ತಾರೆ.

ನೀನು ನಗುತ್ತೀಯೆಂದು ಗೊತ್ತು. ನಾನೂ ಮೊದಮೊದಲು ಬಾಯಿಗೆ ಸೆರಗು ತುರುಕಿಕೊಂಡು ನಕ್ಕವಳೇ. ಅರ್ಧ ಪತ್ರದವರೆಗೆ ನಗು, ಪರವಾಗಿಲ್ಲ. ಉಳಿದರ್ಧ ಓದುವಾಗ ನಿನ್ನ ಯಜಮಾನರನ್ನು, ನಮ್ಮ ರೈಲ್ವೆ ಸ್ಟೇಷನ್ ಭಾವನನ್ನೂ ಪಕ್ಕದಲ್ಲಿ ಕೂರಿಸಿಕೊ. ಅವರಿಂದ ಒಂದು ಕೆಲಸ ಆಗಬೇಕಾಗಿದೆ.

ಎಲ್ಲ ನಿನ್ನ ಪಾಠದಿಂದಲೇ ಶುರುವಾದದ್ದು ಎಂದರೆ ಬೇಸರ ಮಾಡಿಕೊಳ್ಳಬೇಡ. ದೀಪಾವಳಿಗೆ ಬಂದಾಗ ರವಿಕೆ ಬಟ್ಟೆಯಲ್ಲಿ ಸುತ್ತಿ ಇಂಗ್ಲಿಷ್ ಪುಸ್ತಕ ಕೊಟ್ಟು ಹೋದೆಯಲ್ಲ. ಅನಂತಪುರದಲ್ಲಿ ನರ್ಸ್ ತರಬೇತಿಗೆ ಹೆಂಗಸರನ್ನು ತೆಗೆದುಕೊಳ್ಳುತ್ತಾರೆ, ಅರ್ಜಿ ನಾನು ಹಾಕುತ್ತೇನೆ, ಕರೆದು ಕೇಳುವಾಗ ನಾಲ್ಕು ಮಾತು ಇಂಗ್ಲಿಷಿನಲ್ಲಿ ಆಡಿದರೆ ಸಾಕು ಎಂದೆ. ಮನಸ್ಸಿನಲ್ಲಿ ಓದಿದ ಇಂಗ್ಲಿಷು ಮನಸ್ಸಿನಲ್ಲೇ ಉಳಿಯುತ್ತದೆ, ಕೈಗೆ ಸಿಕ್ಕಿದ್ದರ ಹೆಸರನ್ನೂ ಅದರ ಅರ್ಥವನ್ನೂ ಬಾಯಿಬಿಟ್ಟು ಹೇಳು ಎಂದೆ. ನಿನ್ನ ಶಾಲೆಯ ಮಕ್ಕಳಿಗೆ ಹೇಳುವ ಹಾಗೆಯೇ ನನಗೂ ಹೇಳಿದೆ, ನಾನೂ ಒಳ್ಳೆಯ ಹುಡುಗಿಯ ಹಾಗೆ ಕೇಳಿದೆ.

ಈ ಮನೆಯಲ್ಲಿ ಬಾಯಿಬಿಡಲು ನನಗೆ ಸಿಕ್ಕಿದ ಜಾಗ ಉಗ್ರಾಣವೊಂದೇ. ಊಟವಾಗಿ ಗಂಡಸರು ಅಡ್ಡಾದ ಮೇಲೆ ಮೂಟೆಗಳ ಸಂದಿಯಲ್ಲಿ ಕುಳಿತು ಪಾಠ ಹೇಳಿಕೊಳ್ಳುತ್ತಿದ್ದೆ. ಡೋರ್ ಅಂದರೆ ಬಾಗಿಲು. ವಾಟರ್ ಅಂದರೆ ನೀರು. ಸಾಲ್ಟ್ ಅಂದರೆ ಉಪ್ಪು. ನರ್ಸಮ್ಮನಾಗುವವಳಿಗೆ ಮೈಯ ಭಾಗಗಳು ಬಾಯಿಪಾಠ ಇರಬೇಕೆಂದು ನೀನು ಬರೆದಿದ್ದೆ ನೋಡು, ಅದನ್ನಂತೂ ದಿನವೂ ಹೇಳುತ್ತಿದ್ದೆ: ಇಯರ್ ಅಂದರೆ ಕಿವಿ, ಹ್ಯಾಂಡ್ ಅಂದರೆ ಕೈ, ಟಂಗ್ ಅಂದರೆ ನಾಲಿಗೆ. ಗೋಡೆಯ ಆಚೆ ಪಡಸಾಲೆಯಲ್ಲಿ ಅತ್ತೆ ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಾ ಕೂತಿರುತ್ತಿದ್ದರು. ಅವರಿಗೆ ಕಿವಿ ಮಂದ, ಹತ್ತಿರ ಹೋಗಿ ಎರಡೆರಡು ಸಲ ಕರೆಯಬೇಕು. ಹಾಗಾಗಿ ನನಗೆ ಭಯವಿರಲಿಲ್ಲ.

‘ಈಸ್’ ಇದ್ದದ್ದು ‘ವಾಸ್’ ಆಗುವ ಪಾಠ ಬಂದ ದಿನ ಮಾತ್ರ ಅರ್ಧಕ್ಕೇ ಪುಸ್ತಕ ಮುಚ್ಚಿಟ್ಟೆ. ಹೀ ಈಸ್ ಎ ಟೀಚರ್ ಎಂದಿತ್ತು, ಕೆಳಗೆ ಹೀ ವಾಸ್ ಎ ಟೀಚರ್ ಎಂದಿತ್ತು. ಮೇಷ್ಟರಾಗಿದ್ದ ನಮ್ಮ ಯಜಮಾನರು ಬದುಕಿದ್ದಾಗ ಇದೇ ಉಗ್ರಾಣದ ಹೊಸ್ತಿಲ ಮೇಲೆ ಕುಳಿತು ನನಗೆ ಎ ಬಿ ಸಿ ಡಿ ಬರೆಸಿದ್ದರು. ಎರಡನೆಯ ಮಾತನ್ನು ನಾನು ಗಟ್ಟಿಯಾಗಿ ಹೇಳಲೇ ಇಲ್ಲ. ಇದೊಂದು ಪಾಠ ನಾನು ನಿನಗೆ ಒಪ್ಪಿಸಿಲ್ಲ, ಕ್ಷಮಿಸು.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ನನಗೆ ಚಳಿಜ್ವರ ಬಂತು. ಜ್ವರ ನೆತ್ತಿಗೇರಿದಾಗ ನಾನು ಪಾಠ ಒಪ್ಪಿಸಿದೆನಂತೆ. ಅರ್ಥ ಬಿಟ್ಟು ಬರೀ ಇಂಗ್ಲಿಷು. ವಾಟ್ ಈಸ್ ಯುವರ್ ನೇಮ್, ಸಿಟ್ ಡೌನ್, ಓಪನ್ ದಿ ಡೋರ್ ಎಂದು ಕಣ್ಣುಬಿಟ್ಟುಕೊಂಡು ಒಂದೇ ಸಮನೆ ಹೇಳಿದೆನಂತೆ. ಮನೆಯವರೆಲ್ಲ ಬಂದು ಸುತ್ತ ನಿಂತರು. ಆಗ ಅತ್ತೆ ನನ್ನ ಹಣೆಯ ಮೇಲೆ ಕೈಯಿಟ್ಟು, “ಇದು ನಮ್ಮ ಹುಡುಗಿ ಮಾತಲ್ಲ ಕಣ್ರಪ್ಪ, ಹುಣಸೆ ತೋಪಿನ ದೊರೆ ಮಾತು” ಎಂದರಂತೆ. ಮೊದಲು ಹೇಳಿದವರು ಅವರೇ. ಇದನ್ನು ನನಗೆ ಹೇಳಿದ್ದು ಕಾಯಿ ಆರಿಸಲು ಬರುವ ಗಂಗಕ್ಕ.

ಈ ದೊರೆಯನ್ನು ನೀನು ನೋಡಿದ್ದೀಯೆ. ಬಸ್ಸಿನಲ್ಲಿ ಬರುವಾಗ ಊರಿಗೆ ಮುಂಚೆ ಎಡಗಡೆ ಹುಣಸೆ ಮರಗಳ ನಡುವೆ ಸುಣ್ಣ ಬಳಿದ ಒಂದು ಗೋರಿ ಕಾಣುತ್ತದಲ್ಲ, ಅದೇ. ಯಾವ ಕಾಲದಲ್ಲೋ ಭೂಮಿ ಅಳೆಯಲು ಬಂದು ಜ್ವರದಲ್ಲಿ ಸತ್ತನಂತೆ ಪಾಪ. ಈಗ ಊರವರು ಅವನಿಗೆ ಚುಟ್ಟ ಹಚ್ಚಿಡುತ್ತಾರೆ, ಸಾರಾಯಿ ಸುರಿಯುತ್ತಾರೆ. ಮಕ್ಕಳು ಹಟ ಮಾಡಿದರೆ ದೊರೆಗೆ ಕೊಡುತ್ತೇನೆ ಎಂದು ಹೆದರಿಸುತ್ತಾರೆ. ಸೌದೆ ತರುವಾಗ ನಾನೂ ಒಂದೆರಡು ಸಲ ಆ ನೆರಳಲ್ಲಿ ಕುಳಿತಿದ್ದುಂಟು. ಅಷ್ಟು ಸಾಕಾಯಿತು.

ನಿಜ ಹೇಳುತ್ತೇನೆ, ಮೊದಲ ವಾರ ನನಗೆ ಹಬ್ಬವೇ. ನನ್ನನ್ನು ಕಂಡರೆ ಕಸಪೊರಕೆ ತೋರಿಸುತ್ತಿದ್ದ ಅಮರೇಶಪ್ಪ ಭಾವ ಪಕ್ಕಕ್ಕೆ ಸರಿದು ದಾರಿ ಬಿಡತೊಡಗಿದರು. ಒಂದು ಸಲ ಸುಮ್ಮನೆ ತಮಾಷೆಗೆ ಸಿಟ್ ಡೌನ್ ಎಂದೆ, ನಿಂತಿದ್ದವರು ಕಂಬ ಹಿಡಿದು ಕುಕ್ಕರಿಸಿದರು. ಗಂಡ ಸತ್ತವಳು ಎದುರಿಗೆ ಬಂದಳು ಎಂದು ಮುಖ ತಿರುಗಿಸುತ್ತಿದ್ದ ಹೆಂಗಸರೇ ಮಕ್ಕಳನ್ನು ಎತ್ತಿಕೊಂಡು ಬಂದು ದೊರೆ ಕೈಯಿಂದ ತಲೆ ಸವರಿಸಿಕೊಂಡು ಹೋದರು. ಅಕ್ಕಾ, ನನ್ನ ಮಾತನ್ನು ಈ ಮನೆಯಲ್ಲಿ ಯಾರಾದರೂ ಕಿವಿಗೊಟ್ಟು ಕೇಳಿದ್ದರೆ ಅದು ಅವರಿಗೆ ಅರ್ಥವಾಗದ ಮಾತನ್ನು. ಕನ್ನಡದಲ್ಲಿ ಮೂರು ವರ್ಷ ಬೇಡಿಕೊಂಡರೂ ಅಡುಗೆಮನೆಗೆ ಒಂದು ಕಿಟಕಿ ಇಡಿಸಲಿಲ್ಲ. ದೊರೆ ವಿಂಡೋ ಎಂದು ಗೋಡೆಗೆ ಕೈತೋರಿಸಿದ, ಮಾರನೆಯ ದಿನವೇ ಗಾರೆಯವನು ಬಂದ.

ಆಮೇಲೆ ಕೆಟ್ಟದ್ದು ಸೀತಾರಾಮಪ್ಪನ ಎತ್ತಿನಿಂದ. ಎತ್ತು ಕಳೆದುಹೋಗಿದೆ, ದೊರೆಯನ್ನು ಕೇಳಿ ಎಂದು ಅವನು ಬಂದು ಅಂಗಳದಲ್ಲಿ ಕೈಮುಗಿದು ನಿಂತ. ಏನಾದರೂ ಹೇಳಬೇಕಲ್ಲ, ಪುಸ್ತಕದಲ್ಲಿದ್ದ ದಿ ಕೌ ಈಸ್ ಇನ್ ದಿ ಫೀಲ್ಡ್ ಎಂದುಬಿಟ್ಟೆ. ಅಮರೇಶಪ್ಪ ಭಾವ ಶಾಲೆಯ ಮೇಷ್ಟರ ಹತ್ತಿರ ಓಡಿ ಅರ್ಥ ಕೇಳಿಕೊಂಡು ಬಂದರು. ಎತ್ತು ಹೊಲದಲ್ಲೇ ಸಿಕ್ಕಿತು. ಎತ್ತು ಇನ್ನೆಲ್ಲಿ ಸಿಗುತ್ತದೆ ಹೇಳು, ಅಟ್ಟದ ಮೇಲೆ ಸಿಗುತ್ತದೆಯೇ? ಆದರೆ ಅಂದಿನಿಂದ ಇದು ಜ್ವರದ ಬಡಬಡಿಕೆಯಿರಬಹುದು ಎನ್ನುತ್ತಿದ್ದವರೂ ಬಾಯಿ ಮುಚ್ಚಿದರು. ಇಷ್ಟು ಬಲವಾದವನು ಮನೆಯಲ್ಲಿರುವುದು ಒಳ್ಳೆಯದಲ್ಲ ಎಂದು ಅತ್ತೆ ಹೇಳಿದರು. ಗಂಗುಲಪ್ಪನಿಗೆ ಹೇಳಿಕಳಿಸಿದರು.

ಗಂಗುಲಪ್ಪ ದೆವ್ವ ಬಿಡಿಸುವವನು. ತೆಳ್ಳಗೆ, ಮೆತ್ತಗೆ ಮಾತಾಡುವ ಮನುಷ್ಯ. ಅವನ ಮೆತ್ತಗಿನ ಮಾತೇ ನನಗೆ ಹೆದರಿಕೆ. ನನ್ನ ಗಲ್ಲ ಹಿಡಿದೆತ್ತಿ ಬಾಯಿ ತೆರೆಸಿ ಒಳಗೆ ನೋಡಿ, “ದೊರ ನಾಲುಕ ಮೀದ ಕೂಚುನ್ನಾಡಮ್ಮಾ” ಎಂದ. ದೊರೆ ನಾಲಿಗೆಯ ಮೇಲೆ ಕೂತಿದ್ದಾನಂತೆ. ಬೇರೆ ದೆವ್ವಗಳಿಗೆ ಹುಣಸೆ ಬರಲಿನ ಏಟು, ಮೆಣಸಿನಕಾಯಿ ಹೊಗೆ ಸಾಕಂತೆ. ಇವನಿಗೆ ಅರಿಶಿನದ ಕೊಂಬು ಕಾಯಿಸಿ ನಾಲಿಗೆಗೇ ಬರೆ ಹಾಕಬೇಕಂತೆ. ಕೊರಳಲ್ಲಿ ಲಿಂಗ ಇರುವವಳನ್ನು ದೆವ್ವ ಹೇಗೆ ಮುಟ್ಟೀತು ಎಂದು ಮಾವನವರು ಒಂದು ಮಾತು ಕೇಳಿದರು. ನನಗೆ ಜೀವ ಬಂದ ಹಾಗಾಯಿತು. ಗಂಗುಲಪ್ಪ ನಕ್ಕು, ಬಿಳಿಯವನಿಗೆ ನಿಮ್ಮ ಲಿಂಗ ಏನು ಗೊತ್ತು ಸ್ವಾಮಿ ಎಂದ. ಮಾವನವರು ಅದೂ ನಿಜ ಎಂದು ತಲೆಯಾಡಿಸಿದರು.

ಬರೆ ಬಿದ್ದ ನಾಲಿಗೆ ಹೇಗಿರುತ್ತದೆಂದು ನಾನು ಊಹಿಸಬೇಕಾಗಿಲ್ಲ, ಎದುರುಮನೆಯಲ್ಲೇ ಇದೆ. ಕೊಂಡಮ್ಮನ ನೆನಪಿದೆಯಾ, ನನ್ನ ಮದುವೆಯಲ್ಲಿ ಸೋಬಾನೆ ಹಾಡಿ ಎಲ್ಲರನ್ನೂ ನಗಿಸಿದವಳು? ಬಾಣಂತಿತನದಲ್ಲಿ ಏನೇನೋ ಮಾತಾಡಿದಳೆಂದು ಹೋದ ವರ್ಷ ಅವಳನ್ನೂ ತೋಪಿಗೆ ಕರೆದೊಯ್ದರು. ಈಗ ಜಗುಲಿಯ ಮೇಲೆ ಕುಳಿತಿರುತ್ತಾಳೆ. ಮಾತಿಲ್ಲ. ಅನ್ನವನ್ನು ನೀರಲ್ಲಿ ಕಿವುಚಿ ಕುಡಿಸುತ್ತಾರೆ. ಗಂಗುಲಪ್ಪ ಬಂದ ದಿನ ಅವಳು ನನ್ನನ್ನು ನೋಡಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳಿಗೆ ವಾಸಿಯಾಯಿತೆಂದೇ ಎಲ್ಲರೂ ಹೇಳುತ್ತಾರೆ.

ಹೀಗಾದ ಮೇಲೆ ನಾನು ಮಾವನವರ ಹತ್ತಿರ ಹೋಗಿ ಹೇಳಿದೆ. ಅರ್ಜಿಯ ಮಾತು ಎತ್ತಲಿಲ್ಲ, ಇದು ನಿಮ್ಮ ಮಗ ಕಲಿಸಿದ ಪಾಠ ಮಾವ, ದೊರೆ ಯಾರೂ ಇಲ್ಲ ಎಂದೆ. ಅವರು ನನ್ನನ್ನೇ ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. “ದೊರೆ ಹಂಗೇ ಅನ್ನಿಸ್ತಾನೆ ಕಣಮ್ಮ. ಹಿಡಕಂಡೋನು ನಾನು ಹಿಡಕಂಡಿವ್ನಿ ಅಂತ ಹೇಳ್ತಾನಾ?” ಎಂದರು. ಕೆಟ್ಟವರಾದರೆ ಜಗಳವಾಡಬಹುದು. ಅವರು ನನ್ನ ಮೇಲಿನ ಮರುಕದಿಂದಲೇ ಕರೆದುಕೊಂಡು ಹೋಗುತ್ತಾರೆ.

ಪುಸ್ತಕವನ್ನಾದರೂ ತೋರಿಸೋಣವೆಂದು ಹುಡುಕಿದೆ. ಮೂಟೆಗಳ ಹಿಂದೆ ಗೂಡಿನಲ್ಲಿ ಇಟ್ಟದ್ದು ಅಲ್ಲಿಲ್ಲ. ಮೂಟೆ ಸಾಗಿಸುವಾಗ ಎಲ್ಲೋ ಬಿದ್ದುಹೋಗಿರಬೇಕು.

ಬಸ್ಸು ಹತ್ತಿ ಬಂದುಬಿಡು ಎಂದು ನೀನು ಬರೆಯುತ್ತೀಯೆ. ಬಸ್ ಏಜೆಂಟ್ ಶ್ರೀರಾಮುಲು ಅಮರೇಶಪ್ಪ ಭಾವನ ಜೊತೆ ಇಸ್ಪೀಟು ಆಡುವವನು. ಅದೂ ಅಲ್ಲದೆ ಈಗ ನನ್ನನ್ನು ಗುರುತು ಹಿಡಿಯದವರು ಈ ಊರಲ್ಲಿ ಯಾರಿದ್ದಾರೆ? ಅತ್ತೆಯಂತೂ ಬಚ್ಚಲ ತನಕ ಹಿಂದೆಯೇ ಬರುತ್ತಾರೆ. ಕೈಹಿಡಿದು ಬಂದ ದಿನದಿಂದ ಇಷ್ಟು ಪ್ರೀತಿ ತೋರಿಸಿದವರೇ ಅಲ್ಲ. ದಿನವೂ ಮಧ್ಯಾಹ್ನ ಮುಂದೆ ಕೂರಿಸಿಕೊಂಡು ಹರಳೆಣ್ಣೆ ಹಚ್ಚಿ ತಲೆ ಬಾಚುತ್ತಾರೆ. ಗಂಗುಲಪ್ಪ ಮೊದಲು ಕೂದಲನ್ನು ಮರಕ್ಕೆ ಮೊಳೆ ಹೊಡೆದು ಕಟ್ಟುತ್ತಾನೆ, ಸಿಕ್ಕುಗಟ್ಟಿದ್ದರೆ ನೋವಾಗುತ್ತದೆ ಎಂದು. ಬಾಚುತ್ತಾ ನಿನ್ನೆ ಹೇಳಿದರು: “ನೀನು ಎಲ್ಲಿಗೂ ಹೋಗಾಕಿಲ್ಲ ಕಣಮ್ಮ. ಈ ಮನೇಲಿ ನನ್ ಮಗಂದು ಅಂತ ಉಳಿದಿರೋದು ನೀನೊಬ್ಬಳೇ. ನೀನೂ ಹೋದ್ರೆ ಅವ್ನು ಇನ್ನೊಂದು ಸಲ ಸತ್ತಂಗೆ.” ನಾನು ಸಾಯುತ್ತೇನೆಂದು ಹೆದರಿದ್ದಾರೆ ಎಂದುಕೊಂಡು, ಇಲ್ಲ ಅತ್ತೆ, ಎಲ್ಲಿಗೂ ಹೋಗುವುದಿಲ್ಲ ಎಂದೆ.

ಈಗ ಸ್ಟೇಷನ್ ಭಾವನನ್ನು ಕರೆ.

ನೀನೇ ಇಲ್ಲಿಗೆ ಬಂದು ಕೂಗಾಡಬೇಡ. ಕೂಗಾಡಿದರೆ ಅರ್ಜಿಯ ವಿಷಯ ಹೊರಗೆ ಬೀಳುತ್ತದೆ. ಓದು ಎಂದು ಗೊತ್ತಾದರೆ ನನ್ನನ್ನು ಕೋಣೆಯಲ್ಲಿ ಕೂಡಿಹಾಕುತ್ತಾರೆ, ದೆವ್ವ ಎಂದುಕೊಂಡರೆ ಊರಾಚೆ ಕರೆದುಕೊಂಡು ಹೋಗುತ್ತಾರೆ. ಸದ್ಯಕ್ಕೆ ದೆವ್ವವೇ ವಾಸಿ. ಇಪ್ಪತ್ತನೆಯ ತಾರೀಕು ಶುಕ್ರವಾರ ಅನಂತಪುರದಲ್ಲಿ ಕರೆದಿದ್ದಾರೆಂದು ಬರೆದಿದ್ದೀಯಲ್ಲ, ಅಷ್ಟರೊಳಗೆ ನಾನು ನಾಲಿಗೆಯ ಸಮೇತ ನಿನ್ನ ಮನೆಯಲ್ಲಿರಬೇಕು. ಅದಕ್ಕೆ ಒಂದು ದಾರಿ ಯೋಚಿಸಿದ್ದೇನೆ.

ಬರೆ ಹಾಕುವ ಮುಂಚೆ ದೆವ್ವವನ್ನು ಒಂದು ಮಾತು ಕೇಳುವ ಪದ್ಧತಿ ಇದೆ. ನಿನಗೆ ಏನು ಬೇಕು, ಏನು ಕೊಟ್ಟರೆ ಹೋಗುತ್ತೀಯ ಎಂದು. ಕೋಳಿ ಕೇಳಿದರೆ ಕೋಳಿ, ಸೀರೆ ಕೇಳಿದರೆ ಸೀರೆ. ಕೇಳಿದ್ದು ಕೊಟ್ಟಮೇಲೆ ಬರೆ ಹಾಕುವಂತಿಲ್ಲ, ಅದು ತಾನಾಗಿಯೇ ಹೋಗುತ್ತದೆ. ಆದರೆ ಕೋರಿಕೆ ದೊರೆಯ ಮಾತಿನಲ್ಲೇ ಬರಬೇಕು, ಕನ್ನಡದಲ್ಲೋ ತೆಲುಗಿನಲ್ಲೋ ಬಂದರೆ ಅದು ಹುಡುಗಿಯ ಆಟ ಎಂದು ಗಂಗುಲಪ್ಪ ಮೊದಲೇ ಹೇಳಿದ್ದಾನೆ. ಅವನು ನನ್ನನ್ನು ಕಟ್ಟಿಹಾಕಲು ಹೇಳಿದ್ದು, ನನಗೆ ಅದೇ ಬಾಗಿಲಾಯಿತು. ಐ ವಾಂಟ್ ಟು ಗೋ ಟು ಹಿಂದೂಪುರ್ ಸ್ಟೇಷನ್, ಐ ವಾಂಟ್ ಟು ಗೋ ಹೋಮ್ ಬೈ ಟ್ರೇನ್. ಎರಡು ದಿನದಿಂದ ಉಗ್ರಾಣದಲ್ಲಿ ಕುಳಿತು ಇದನ್ನೇ ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದೇನೆ, ತಪ್ಪಿದ್ದರೆ ನಗಬೇಡ. ಹಿಂದೂಪುರ, ಸ್ಟೇಷನ್ ಎಂಬ ಎರಡು ಮಾತಿಗೆ ಯಾರೂ ಅರ್ಥ ಹೇಳಬೇಕಾಗಿಲ್ಲ. ದೊರೆಗಳೆಲ್ಲ ರೈಲಿನಲ್ಲೇ ಹೋದದ್ದು, ಇವನೊಬ್ಬ ಉಳಿದುಬಿಟ್ಟಿದ್ದ, ಹೊರಡುತ್ತಾನೆ ಎಂದು ಊರು ಸಂತೋಷವಾಗಿ ಒಪ್ಪಿಕೊಳ್ಳುತ್ತದೆ. ಪೆನುಕೊಂಡದಲ್ಲಿ ಬಸ್ಸು ಬದಲಾಯಿಸಿ ಬುಧವಾರ ಬೆಳಿಗ್ಗೆಯ ಬೆಂಗಳೂರು ರೈಲಿನ ಹೊತ್ತಿಗೆ ಕರೆತರುತ್ತಾರೆ.

ನೀವಿಬ್ಬರೂ ಪ್ಲಾಟ್‌ಫಾರಮ್ಮಿನ ಮೇಲೆ ಇರಬೇಕು. ಭಾವ ಕರೀ ಕೋಟು ಹಾಕಿಕೊಂಡು ಬಂದು ನನಗೆ ಸೆಲ್ಯೂಟ್ ಹೊಡೆದು ಗುಡ್ ಮಾರ್ನಿಂಗ್ ಸರ್ ಎನ್ನಲಿ. ಟಿಕೆಟ್ ಕೊಡುವಾಗ ಹಳ್ಳಿಯವರ ಮೇಲೆ ಗದರಿಕೊಳ್ಳುತ್ತಾರಲ್ಲ, ಆ ದನಿಯಲ್ಲೇ ಅನ್ನಲಿ. ಡಬ್ಬಿಯ ಬಾಗಿಲು ಹಾಕಿ ರೈಲು ಹೊರಟಾಗ ನಾನು ಪ್ಲಾಟ್‌ಫಾರಮ್ಮಿನ ಮೇಲೆ ದೊಪ್ಪನೆ ಬೀಳುತ್ತೇನೆ. ದೊರೆ ಹೋದ, ಇನ್ನು ಹುಡುಗಿಗೆ ಸುಸ್ತಿದೆ, ನಾಲ್ಕು ದಿನ ಅಕ್ಕನ ಮನೆಯಲ್ಲಿರಲಿ ಎಂದು ನೀನು ಮಾವನವರ ಕಾಲು ಹಿಡಿ. ಆ ಊರಿನಲ್ಲಿ, ಅಷ್ಟು ಜನರ ಎದುರಿಗೆ ಅವರು ಇಲ್ಲ ಎನ್ನುವುದಿಲ್ಲ. ಹೆದರಬೇಡ ಅಕ್ಕಾ. ನಾಟಕ ನನಗೆ ಚೆನ್ನಾಗಿ ಬರುತ್ತದೆ. ಚಿಕ್ಕಂದಿನಲ್ಲಿ ಹೊಟ್ಟೆನೋವೆಂದು ಎಷ್ಟು ಸಲ ಅಪ್ಪನನ್ನು ನಂಬಿಸಿಲ್ಲ.

ಈ ಪತ್ರವನ್ನು ಗಂಗಕ್ಕ ಸಿಪ್ಪೆಯ ಮಂಕರಿಯಲ್ಲಿಟ್ಟುಕೊಂಡು ಹೋಗಿ ಟಪಾಲಿಗೆ ಹಾಕುತ್ತಾಳೆ. ಶನಿವಾರಕ್ಕೆ ನಿನ್ನ ಕೈ ಸೇರಬೇಕು. ಉತ್ತರ ಬರೆಯಬೇಡ. ನಿನ್ನ ಚಿಕ್ಕವಳಿಗೆ ನನ್ನ ಮುತ್ತು. ಚಿಕ್ಕಮ್ಮ ನರ್ಸಮ್ಮನಾಗಿ ಬಂದು ಸೂಜಿ ಚುಚ್ಚುತ್ತಾಳೆ ಎಂದು ಹೇಳು.

ಬುಧವಾರ ನಿನ್ನ ಮುಖ ನೋಡುವ ಆಸೆಯಲ್ಲಿ,
ನಿನ್ನ ತಂಗಿ
ಭ್ರಮರಾಂಬ

ವಿ. ಸೂ.: ಅಕ್ಕಾ, ಮೇಲಿನದೆಲ್ಲ ಬೆಳಿಗ್ಗೆ ಬರೆದದ್ದು. ಈಗ ಮಧ್ಯಾಹ್ನ ಅತ್ತೆ ಎಂದಿನಂತೆ ತಲೆ ಬಾಚುತ್ತಿದ್ದರು. ನಾನು ಅವರಿಗೆ ಬೆನ್ನು ಮಾಡಿ ಕುಳಿತಿದ್ದೆ. ಮಂಗಳವಾರಕ್ಕೆ ನಾಲಿಗೆ ಸಡಿಲವಾಗಲಿ ಎಂದು ನನ್ನಷ್ಟಕ್ಕೆ, ತುಟಿಯೂ ಅಲ್ಲಾಡದಷ್ಟು ಮೆಲ್ಲಗೆ, ಗಿವ್ ಮೀ ಸಮ್ ವಾಟರ್ ಎಂದೆ. ಅತ್ತೆ ಬಾಚಣಿಗೆ ಕೆಳಗಿಟ್ಟು ಎದ್ದು ಹೋಗಿ ಒಂದು ಚೊಂಬು ನೀರು ತಂದು ನನ್ನ ಮುಂದೆ ಹಿಡಿದರು.

ನಾನು ಅವರ ಮುಖ ನೋಡಿದೆ. ಅವರೂ ನೋಡಿದರು. “ಕುಡಿ ಕಣಮ್ಮ” ಎಂದರು. ಕುಡಿದೆ. ಆಮೇಲೆ ಮತ್ತೆ ಬಾಚಣಿಗೆ ತೆಗೆದುಕೊಂಡು ಹೇಳಿದರು: “ನಿನ್ ಪುಸ್ತಕ ನೀರೊಲೆಗೆ ಹಾಕ್ದೆ. ಹಿಂದೂಪುರದ ಮಾತೂ ಕೇಳಿಸ್ಕಂಡಿವ್ನಿ. ದೊರೆ ಮಾತು ಗಂಗುಲಪ್ಪಂಗೆ ಬರಾಕಿಲ್ವಲ್ಲ, ಮೇಷ್ಟ್ರು ತೋಪಿಗೆ ಬರಾಕಿಲ್ಲ, ಅದಕ್ಕೆ ಅರ್ಥ ನಾನೇ ಹೇಳ್ತೀನಿ ಅಂತ ಹೇಳಿ ಕಳ್ಸಿವ್ನಿ. ಹಿಂದೂಪುರಕ್ಕೆ ಮಾತ್ರ ಕಳಿಸಬ್ಯಾಡಿ ಅಂತಾವ್ನೆ ಅಂತೀನಿ.” ದನಿ ಏರಿಸಲಿಲ್ಲ. ಕೂದಲಿನ ಸಿಕ್ಕು ಎಷ್ಟು ಮೃದುವಾಗಿ ಬಿಡಿಸಿದರೆಂದರೆ ಒಂದು ಎಳೆಯೂ ಹರಿಯಲಿಲ್ಲ.

ದೊರೆ ಇಲ್ಲವೆಂದು ಈ ಮನೆಯಲ್ಲಿ ನನ್ನನ್ನು ಬಿಟ್ಟರೆ ಗೊತ್ತಿರುವುದು ಅವರೊಬ್ಬರಿಗೇ.

ಸ್ಟೇಷನ್ನಿಗೆ ಹೋಗಬೇಡ ಅಕ್ಕಾ, ಅಲ್ಲಿಗೆ ನಾನು ಬರುವುದಿಲ್ಲ. ಪತ್ರ ಸಿಕ್ಕ ಗಳಿಗೆಯಲ್ಲೇ ಭಾವನನ್ನು ಕರೆದುಕೊಂಡು ಇಲ್ಲಿಗೆ ಹೊರಡು. ಕೂಗಾಡು, ಅರ್ಜಿಯ ವಿಷಯ ಎಲ್ಲರಿಗೂ ಹೇಳು, ಪೊಲೀಸರನ್ನು ಕರೆ, ಏನು ಬೇಕಾದರೂ ಮಾಡು, ಮಂಗಳವಾರ ಮಧ್ಯಾಹ್ನದ ಒಳಗೆ ಬಾ. ಗಂಗಕ್ಕ ಮಂಕರಿ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಾಳೆ, ಮುಗಿಸುತ್ತೇನೆ. ನಾನು ಉಗ್ರಾಣದಲ್ಲಿ ಕುಳಿತು ಬರೆಯುತ್ತಿದ್ದೇನೆ. ಗೋಡೆಯ ಆಚೆ ಅತ್ತೆ ಕಾಯಿ ಸುಲಿಯುತ್ತಾ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿರುವುದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿದೆ. ಇಯರ್ ಅಂದ್ರೆ ಕಿವಿ. ಹ್ಯಾಂಡ್ ಅಂದ್ರೆ ಕೈ. ಟಂಗ್ ಅಂದ್ರೆ ನಾಲಿಗೆ.